ಒಂದು ನಿಮಿಷದ ನಿಯಮವನ್ನು ನಾನು ಮೊದಲೇ ಹೇಳಿಬಿಟ್ಟೆ

ನಿಮಗೆ ಬಹಳ ಇಷ್ಟವಾದ, ಆದರೆ ಕಥೆ ಹೇಳಿದರೆ ಕೇಳಿದವರು ಮುಖ ಮುಖ ನೋಡಿಕೊಳ್ಳುವಂಥ ವಿಲಕ್ಷಣ ಟಿವಿ ಸರಣಿಯೊಂದನ್ನು ಗೆಳೆಯರ ಗುಂಪಿಗೆ ಒಪ್ಪಿಸುವುದು ಹೇಗೆ, ಎಷ್ಟು ಸಂಚಿಕೆಗಳವರೆಗೆ ತಾಳ್ಮೆಯಿಂದಿರಲು ಅವರನ್ನು ಕೇಳಿಕೊಳ್ಳಬಹುದು ಎಂದು ಕೇಳಿದ್ದೀರಿ. 2011ರ ಒಂದು ಶನಿವಾರ ರಾತ್ರಿ, ವಿಜಯನಗರದ ನಮ್ಮ ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿ, ನಾಲ್ವರು ಗೆಳೆಯರ ಮುಂದೆ ನಿಂತು ನಾನು ಮಾಡಿದ್ದು ಇದನ್ನೇ.

ಸರಣಿಯ ಹೆಸರು ‘ಪುಶಿಂಗ್ ಡೈಸೀಸ್’. ಸತ್ತು ಮಣ್ಣಾದವರ ಬಗ್ಗೆ ಇಂಗ್ಲಿಷಿನವರು ಆಡುವ ಮಾತೊಂದರಿಂದ ಬಂದ ಹೆಸರು ಅದು. ಹೂತವರ ಮೇಲೆ ಡೈಸಿ ಹೂ ಏಳುತ್ತದೆ ಎಂಬುದು ಅದರ ಭಾವ. ಬ್ರಯಾನ್ ಫುಲ್ಲರ್ ಸೃಷ್ಟಿಸಿದ ಈ ಸರಣಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ 2007ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ರಜೆಗೆ ಬಂದ ನೆಂಟರೊಬ್ಬರು ಮೊದಲ ಸೀಸನ್ನಿನ ಡಿವಿಡಿಗಳನ್ನು ತಂದುಕೊಟ್ಟಿದ್ದರು. ಒಂಬತ್ತು ಸಂಚಿಕೆಗಳನ್ನು ಎರಡು ರಾತ್ರಿಗಳಲ್ಲಿ ಮುಗಿಸಿ, ಮೂರನೆಯ ರಾತ್ರಿ ಮತ್ತೆ ಮೊದಲಿನಿಂದ ಹಾಕಿಕೊಂಡು ಕುಳಿತಿದ್ದೆ. ಮಕ್ಕಳ ಚಿತ್ರಪುಸ್ತಕದಂತೆ ಢಾಳಾದ ಬಣ್ಣಗಳು, ಒಳಗೆ ಮಾತ್ರ ವಾರಕ್ಕೊಂದು ಕೊಲೆ. ಬಿಡುವಿನಲ್ಲಿ ಉಲ್ಲನ್ ಹೆಣೆಯುವ ಪತ್ತೇದಾರ. ಬೆಕ್ಕಿನ ಮಲದ ತಟ್ಟೆಯ ದೆಸೆಯಿಂದ ಒಂದು ಕಣ್ಣು ಕಳೆದುಕೊಂಡು ಪಟ್ಟಿ ಕಟ್ಟಿಕೊಂಡ, ಒಂದು ಕಾಲದಲ್ಲಿ ನೀರಿನೊಳಗೆ ನೃತ್ಯ ಮಾಡುತ್ತಿದ್ದ ಚಿಕ್ಕಮ್ಮ. ಇದನ್ನು ಇನ್ನೊಬ್ಬರಿಗೆ ತೋರಿಸದಿದ್ದರೆ ಹೊಟ್ಟೆ ಉಬ್ಬಿಹೋಗುತ್ತದೆ ಎನ್ನುವ ಸ್ಥಿತಿಗೆ ಬಂದಿದ್ದೆ.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಶನಿವಾರ ರಾತ್ರಿ ಒಬ್ಬೊಬ್ಬರ ಸರದಿ. ಸರದಿಯವನು ಏನು ಹಾಕುತ್ತಾನೋ ಅದನ್ನು ಉಳಿದವರು ತುಟಿಪಿಟಿಕ್ಕೆನ್ನದೆ ನೋಡಬೇಕು. ಆ ವಾರ ನನ್ನ ಸರದಿ. ಖಾರಾಪುರಿ, ನಿಪ್ಪಟ್ಟು ಎಲ್ಲವೂ ಸಿದ್ಧವಾಗಿ, ಡಿವಿಡಿ ತಟ್ಟೆಯನ್ನು ಪ್ಲೇಯರಿಗೆ ತಳ್ಳಿದರೆ ಅದು ಕರಕರ ಎಂದು ತಿರುಗಿ ಹೊರಗೆ ನಾಲಿಗೆ ಚಾಚಿತು. ಡಿವಿಡಿಗಳಿಗೂ ಪ್ಲೇಯರುಗಳಿಗೂ ದೇಶ ನೋಡಿ ಒಂದೊಂದು ವಲಯದ ಗುರುತು ಹಾಕಿರುತ್ತಾರೆ: ಅಮೆರಿಕದ ತಟ್ಟೆಗೆ ಒಂದನೆಯದು, ನಮ್ಮ ದೇಶದ ಪ್ಲೇಯರಿಗೆ ಐದನೆಯದು. ಒಂದಕ್ಕೊಂದು ಹೊಂದುವುದಿಲ್ಲವೆಂಬುದು ನನಗೆ ಹೊಳೆದಿರಲಿಲ್ಲ, ಏಕೆಂದರೆ ನಾನು ಅದನ್ನು ನೋಡಿದ್ದು ಕಚೇರಿಯ ಲ್ಯಾಪ್‌ಟಾಪಿನಲ್ಲಿ. ಶಿವಮೊಗ್ಗದ ಗೆಳೆಯ ತನ್ನ ಲ್ಯಾಪ್‌ಟಾಪನ್ನೂ ಟಿವಿಗೆ ಹಾಕುವ ಕೇಬಲ್ಲನ್ನೂ ತರಲು ಬೈಕಿನಲ್ಲಿ ಹೋದ. ಅವನು ಬರುವವರೆಗೆ ಮುಕ್ಕಾಲು ಗಂಟೆ ಹಿಡಿಯಿತು, ಮತ್ತು ನನ್ನ ಅನರ್ಥವೆಲ್ಲ ನಡೆದದ್ದು ಆ ಮುಕ್ಕಾಲು ಗಂಟೆಯಲ್ಲಿ.

ಕಾಯುತ್ತಿದ್ದವರು ಬೇಸರಪಟ್ಟು ಕ್ರಿಕೆಟ್ಟಿಗೆ ಹೊರಳಿಬಿಡುತ್ತಾರೆ ಎಂಬ ಭಯದಲ್ಲಿ ನಾನು ಪೀಠಿಕೆ ಹಾಕಲು ಆರಂಭಿಸಿದೆ. ನೆಡ್ ಎಂಬುವನು ಪೈ ಮಾಡಿ ಮಾರುತ್ತಾನೆ ಎಂದೆ. “ಪೈ ಅಂದರೆ ಉಡುಪಿಯ ಪೈಗಳೋ?” ಎಂದು ಬ್ಯಾಂಕಿನಲ್ಲಿದ್ದ ಗೆಳೆಯ ಕೇಳಿದ. ಕಣಕದೊಳಗೆ ಹಣ್ಣಿನ ಹೂರಣ ತುಂಬಿ ಬೇಯಿಸುವ ತಿನಿಸು, ಹೋಳಿಗೆಗೆ ದೂರದ ದಾಯಾದಿ ಎಂದು ವಿವರಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬಚಾವಾಗುತ್ತಿದ್ದೆ. ನಿಲ್ಲಿಸಲಿಲ್ಲ. ಇವನು ಸತ್ತವರನ್ನು ಮುಟ್ಟಿದರೆ ಅವರು ಬದುಕುತ್ತಾರೆ, ಇನ್ನೊಮ್ಮೆ ಮುಟ್ಟಿದರೆ ಶಾಶ್ವತವಾಗಿ ಸಾಯುತ್ತಾರೆ, ಬದುಕಿದವರು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಉಳಿದರೆ ಹತ್ತಿರದಲ್ಲಿ ಬೇರೊಂದು ಜೀವ ಹೋಗುತ್ತದೆ ಎಂದು ಮೂರು ನಿಯಮಗಳನ್ನೂ ಬೆರಳು ಮಡಚಿ ಹೇಳಿದೆ. ಅರ್ಥವಾಗಲಿಲ್ಲವೇನೋ ಎಂದು ಉದಾಹರಣೆಯನ್ನೂ ಕೊಟ್ಟೆ, ಅದೂ ಮೊದಲ ಸಂಚಿಕೆಯಿಂದಲೇ.

ಈ ತಪ್ಪು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಆ ಸಂಚಿಕೆಯ ಆರಂಭವನ್ನು ಹೇಳಲೇಬೇಕು. (ನಿಮ್ಮ ಮನಸ್ಸಿನಲ್ಲಿರುವ ಸರಣಿ ಇದೇ ಅಲ್ಲವೆಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.) ಹೂವಿನ ಹೊಲದಲ್ಲಿ ಒಬ್ಬ ಹುಡುಗ ತನ್ನ ನಾಯಿಯೊಂದಿಗೆ ಓಡುತ್ತಿದ್ದಾನೆ. ನಿರೂಪಕ ಜಿಮ್ ಡೇಲ್ ಅವರ ಅಜ್ಜನಂಥ ಧ್ವನಿ, ಹುಡುಗನಿಗೆ ಈಗ ಒಂಬತ್ತು ವರ್ಷ, 27 ವಾರ, ಆರು ದಿನ, ಮೂರು ನಿಮಿಷ ಎಂದು ಪಂಚಾಂಗ ಓದಿದಂತೆ ಹೇಳುತ್ತದೆ. ನಾಯಿಗೆ ಲಾರಿ ಬಡಿಯುತ್ತದೆ, ಹುಡುಗ ಮುಟ್ಟುತ್ತಾನೆ, ನಾಯಿ ಎದ್ದು ಓಡುತ್ತದೆ. ನಮಗೆ ನಗು. ಆಮೇಲೆ ಅಡುಗೆಮನೆಯಲ್ಲಿ ಪೈ ಮಾಡುತ್ತಿದ್ದ ತಾಯಿ ಮೆದುಳಿನ ರಕ್ತನಾಳ ಒಡೆದು ಬೀಳುತ್ತಾಳೆ, ಮುಟ್ಟುತ್ತಾನೆ, ಅವಳೂ ಏನೂ ಆಗದವಳಂತೆ ಏಳುತ್ತಾಳೆ. ನಮಗೆ ನಿರಾಳ. ಅಷ್ಟರಲ್ಲಿ ಎದುರುಮನೆಯ ಹುಡುಗಿಯ ತಂದೆ ಅಂಗಳದಲ್ಲಿ ಸತ್ತು ಬೀಳುತ್ತಾನೆ. ಆ ಹುಡುಗಿಯ ಮೇಲೆ ಇವನಿಗೆ ಎಳೆಯ ಪ್ರೀತಿ. ಆ ರಾತ್ರಿ ಮಲಗಿಸುವಾಗ ತಾಯಿ ಮಗನಿಗೆ ಮುತ್ತಿಡುತ್ತಾಳೆ.

ಹುಡುಗನಿಗೆ ನಿಯಮಗಳು ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಒಂದೊಂದು ನಿಯಮಕ್ಕೂ ಅವನು ತೆತ್ತ ಬೆಲೆಯನ್ನು ನೋಡುತ್ತಲೇ ನಾವು ಆ ನಿಯಮವನ್ನು ಕಲಿಯುತ್ತೇವೆ. ನಾಯಿ ಎದ್ದಾಗ ನಕ್ಕಿದ್ದೆವಲ್ಲ, ಆ ನಗುವೇ ಹತ್ತು ನಿಮಿಷವಾಗುವುದರೊಳಗೆ ಗಂಟಲಿಗೆ ಅಡ್ಡ ಬರುತ್ತದೆ. ಆ ಸಂಚಿಕೆಯನ್ನು ನಿರ್ದೇಶಿಸಿದ ಬ್ಯಾರಿ ಸೊನ್ನೆನ್‌ಫೆಲ್ಡ್ ಅವರಿಗೆ ಅಮೆರಿಕದ ಟಿವಿ ಲೋಕದ ಎಮಿ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ಅವರು ಅಷ್ಟು ಜೋಪಾನವಾಗಿ ಕಟ್ಟಿದ್ದನ್ನು ನಾನು ನಿಪ್ಪಟ್ಟು ಕಡಿಯುತ್ತಾ ನಿಯಮಾವಳಿಯನ್ನಾಗಿ ಓದಿಬಿಟ್ಟಿದ್ದೆ. ನನ್ನ ಗೆಳೆಯರಿಗೆ ಆಮೇಲೆ ಉಳಿದದ್ದು ಒಂದೇ ಕೆಲಸ: ನಾನು ಹೇಳಿದ್ದು ಪರದೆಯ ಮೇಲೆ ಆಗುತ್ತಿದೆಯೇ ಎಂದು ತಾಳೆ ನೋಡುವುದು. ತಾಯಿ ಹಾಸಿಗೆಯ ಕಡೆಗೆ ಬಾಗುತ್ತಿದ್ದಂತೆ ಶಿವಮೊಗ್ಗದವನು, ಬೈಕಿನಲ್ಲಿ ಹೋಗಿದ್ದರಿಂದ ನನ್ನ ಭಾಷಣ ಕೇಳಿರದ ಒಬ್ಬನೇ ಒಬ್ಬ, ಮುಂದಕ್ಕೆ ಸರಿದು ಕುಳಿತ. ಪಕ್ಕದಲ್ಲಿದ್ದವನು ಅವನ ತೊಡೆ ತಟ್ಟಿ, “ನೋಡು, ಈಗ ಮುತ್ತು ಕೊಡ್ತಾಳೆ, ಗೊಟಕ್ ಅಂತಾಳೆ” ಎಂದ. ಎಲ್ಲರೂ ನಕ್ಕರು. ಶಿವಮೊಗ್ಗದವನು ಮತ್ತೆ ಗೋಡೆಗೆ ಒರಗಿದ. ಅವನ ಆ ಒರಗುವಿಕೆಯನ್ನು ನಾನು ಇಂದಿಗೂ ಮರೆತಿಲ್ಲ.

ಎರಡನೆಯ ಸಂಚಿಕೆ ಯಾರಿಗೂ ಬೇಡವಾಯಿತು. ಐದನೆಯದರ ಹೊತ್ತಿಗೆ ಅಭ್ಯಾಸವಾಗುತ್ತದೆ ಎಂದು ನಾನು ಅಂಗಲಾಚಿದೆ. “ಅಭ್ಯಾಸ ಆಗಬೇಕಾದ್ದು ಔಷಧಿ” ಎಂದು ಬ್ಯಾಂಕಿನವನು ಹೇಳಿದ. ಅಷ್ಟು ಚೆನ್ನಾಗಿದ್ದರೆ ಒಂಬತ್ತಕ್ಕೇ ಮೊದಲ ಸೀಸನ್ ಏಕೆ ಮುಗಿಯಿತು ಎಂಬ ಪ್ರಶ್ನೆ ಬಂತು. 2007ರ ನವೆಂಬರ್ 5ರಂದು ಅಮೆರಿಕದ ಚಿತ್ರಕಥೆ ಬರಹಗಾರರು ಮುಷ್ಕರ ಹೂಡಿದರು, ಅದು ಮುಗಿದದ್ದು ಮರುವರ್ಷ ಫೆಬ್ರವರಿಯಲ್ಲಿ, ಸರಣಿ ಮತ್ತೆ ತೆರೆಗೆ ಬಂದದ್ದು 2008ರ ಅಕ್ಟೋಬರ್‌ನಲ್ಲಿ, ಅಷ್ಟು ತಿಂಗಳು ಕಾದು ಕುಳಿತುಕೊಳ್ಳುವ ಪ್ರೇಕ್ಷಕರು ಎಲ್ಲಿರುತ್ತಾರೆ ಎಂದೆಲ್ಲ ನಾನು ವಾದಿಸಿದೆ. ಒಟ್ಟು 22 ಸಂಚಿಕೆಗಳಿಗೆ ಅದನ್ನು ನಿಲ್ಲಿಸಿಬಿಟ್ಟ ಮೇಲೆ, 2009ರಲ್ಲಿ, ಕ್ರಿಸ್ಟಿನ್ ಚೆನೋವೆತ್ ಅವರಿಗೆ ಇದೇ ಸರಣಿಯ ನಟನೆಗಾಗಿ ಎಮಿ ಬಂತು ಎಂಬ ಸಾಕ್ಷಿಯನ್ನೂ ಹಾಜರುಪಡಿಸಿದೆ. ವಕೀಲಿ ಮಾಡಿ ಯಾರನ್ನಾದರೂ ನಗಿಸಲು ಸಾಧ್ಯವೇ? ಅಂದಿನಿಂದ ನನ್ನ ಅಡ್ಡಹೆಸರು ‘ಪೈ ಮಾಮ’ ಎಂದಾಯಿತು. ಶನಿವಾರದ ಸರದಿ ಪಟ್ಟಿಯಿಂದ ನನ್ನ ಹೆಸರು ಸದ್ದಿಲ್ಲದೆ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಗೆಳೆಯರ ಗುಂಪಿಗೆ ಇಂಥದ್ದನ್ನು ಒಪ್ಪಿಸುವ ಕೆಲಸಕ್ಕೆ ಕೈಹಾಕಲೇಬೇಡಿ. ಗುಂಪಿನಲ್ಲಿ ಕುಳಿತವನು ಪರದೆಯನ್ನು ಅರ್ಧ ನೋಡುತ್ತಾನೆ, ಪಕ್ಕದವನ ಮುಖವನ್ನು ಅರ್ಧ ನೋಡುತ್ತಾನೆ. ತಾನು ಮೊದಲು ಮೆಚ್ಚಿದರೆ ಪೆದ್ದನಾಗುತ್ತೇನೇನೋ ಎಂದು ಕಾಯುತ್ತಾನೆ. ಒಬ್ಬರನ್ನು ಆರಿಸಿಕೊಳ್ಳಿ. ‘ವಿಚಿತ್ರವಾಗಿದೆ’, ‘ಡಿಫರೆಂಟ್ ಆಗಿದೆ’ ಎಂಬ ಮಾತುಗಳನ್ನು ಬಾಯಿಗೂ ತರಬೇಡಿ. ಗಾಂಧಿನಗರದ ಪತ್ರಿಕಾಗೋಷ್ಠಿಗಳಲ್ಲಿ ಪ್ರತಿ ಹೊಸ ಚಿತ್ರದವರೂ ಅದನ್ನೇ ಹೇಳಿ ಹೇಳಿ ಆ ಪದದ ರಸವೆಲ್ಲ ಹಿಂಡಿ ಹೋಗಿದೆ. ಕಥೆಯ ಒಂದು ಎಳೆಯನ್ನೂ ಹೇಳಬೇಡಿ. ಹೇಳಲೇಬೇಕಾದದ್ದು ಎಷ್ಟು ಸಂಚಿಕೆಗಳಿವೆ, ಎಲ್ಲಿ ಸಿಗುತ್ತದೆ, ಅರ್ಧಕ್ಕೆ ನಿಂತಿದ್ದರೆ ನಿಂತಿದೆ ಎಂಬಷ್ಟೇ. ಈ ಕೊನೆಯದನ್ನು ಮುಚ್ಚಿಡುವುದು ಮೋಸ. ‘ಪುಶಿಂಗ್ ಡೈಸೀಸ್’ನ ಕೊನೆಯ ಸಂಚಿಕೆಯಲ್ಲಿ ಗಂಟುಗಳನ್ನೆಲ್ಲ ಕೆಲವೇ ನಿಮಿಷಗಳಲ್ಲಿ ಗಡಿಬಿಡಿಯಿಂದ ಬಿಚ್ಚಿ ಮುಗಿಸಿದ್ದಾರೆ, ಮೊದಲೇ ತಿಳಿದವರಿಗೆ ಅದು ಅಷ್ಟು ನೋಯುವುದಿಲ್ಲ. ಎಷ್ಟು ಸಂಚಿಕೆ ತಾಳಿಕೊಳ್ಳಲು ಕೇಳಬೇಕು ಎಂದಿರಲ್ಲ: ಒಂದು. ಒಂದರಲ್ಲಿ ಹಿಡಿಸದವರಿಗೆ ಐದರಲ್ಲಿ ಹಿಡಿಸಿದರೂ ಅದು ನಿಮ್ಮ ದಾಕ್ಷಿಣ್ಯಕ್ಕೆ.

ನಾನೇನೂ ಇದನ್ನು ಯೋಚಿಸಿ ಕಂಡುಕೊಂಡವನಲ್ಲ. ಕೆಲವು ವರ್ಷಗಳ ನಂತರ ಊರಿನ ಮನೆಯಲ್ಲಿ ಒಂದು ಸಂಜೆ ಅದೇ ಮೊದಲ ಸಂಚಿಕೆಯನ್ನು ಹಾಕಿಕೊಂಡಿದ್ದಾಗ ತಮ್ಮನ ಹೆಂಡತಿ ಬಂದು, “ಏನದು ಭಾವ?” ಎಂದಳು. ಪೈ ಮಾಮನಾಗಿ ಸುಟ್ಟುಕೊಂಡಿದ್ದ ನಾನು, “ಹಳೇ ಸೀರಿಯಲ್ಲಮ್ಮ, ಇಪ್ಪತ್ತೆರಡೇ ಕಂತು, ಅರ್ಧಕ್ಕೆ ನಿಲ್ಲಿಸಿದ್ದಾರೆ” ಎಂದಷ್ಟೇ ಹೇಳಿ, ಮೊದಲಿನಿಂದ ಹಚ್ಚಿಕೊಟ್ಟು, ಹಾಲು ಕಾಯಿಸುವ ನೆಪದಲ್ಲಿ ಅಡುಗೆಮನೆಗೆ ಹೋದೆ. ನಾಯಿ ಎದ್ದಾಗ ಅವಳು ನಕ್ಕದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಹಾಲು ಉಕ್ಕುವ ಹೊತ್ತಿಗೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಟಿವಿ ತನ್ನ ಪಾಡಿಗೆ ನಡೆಯುತ್ತಲೇ ಇತ್ತು.

“ಭಾವ, ಆ ಎದುರುಮನೆಯವರು ಸತ್ತದ್ದು ಈ ಹುಡುಗ ಅಮ್ಮನನ್ನು ಬದುಕಿಸಿದ್ದಕ್ಕಾ?”

“ನನಗೆ ಗೊತ್ತಿಲ್ಲಮ್ಮ” ಎಂದು ಒಲೆ ಆರಿಸಿದೆ. “ಹೋಗಿ ನೋಡು, ಬೇಗ.”