ಅಣು ಸ್ಥಾವರ ದುರಂತದ ಕಥೆ ಇರೋ ಚರ್ನೋಬಿಲ್ ಸೀರೀಸ್‌ನ ಬಿಜಿಎಂ ಆಲ್ಬಮ್ ಕೇಳಿದ್ರೆ ಬರೀ ಗುಂಯ್ ಅನ್ನುತ್ತೆ. ಇಂಥ ಸಂಗೀತ ಎಂಜಾಯ್ ಮಾಡೋಕೆ ಥಿಯರಿ ಕಲೀಬೇಕಾ, ಒಳ್ಳೆ ಹೆಡ್‌ಫೋನ್ ತಗೋಬೇಕಾ?

ಥಿಯರಿ ಬೇಡ. ಆಲ್ಬಮ್ಮೂ ಬೇಡ, ಸದ್ಯಕ್ಕೆ ಅದನ್ನ ಪಕ್ಕಕ್ಕಿಡಿ. "ಎಲ್ರೂ ಹೊಗಳ್ತಾರೆ, ನಂಗೆ ಮಾತ್ರ ಇದ್ರಲ್ಲಿ ಟ್ಯೂನೇ ಸಿಗ್ತಿಲ್ಲ" ಅಂತ ಬರ್ದಿದ್ದೀರಲ್ಲ, ಹೆಚ್ಚುಕಮ್ಮಿ ಇದೇ ಮಾತನ್ನ ನಾನು ಒಬ್ಬ ಗೆಳೆಯನಿಗೆ ಹೇಳಿ ಅವ್ನ ಸಿನಿಮಾನೇ ಕೆಡಿಸಿದೀನಿ.

ಅವ್ನು ಒಂದು ಶಾರ್ಟ್ ಫಿಲ್ಮ್ ಮಾಡಿದ್ದ, ಬಿಜಿಎಂ ಕೂಡ ಅವ್ನದೇ. ಒಬ್ಬ ಮುದುಕ ರಾತ್ರಿ ಒಂದೊಂದೇ ರೂಮಿನ ಲೈಟ್ ಆರಿಸ್ತಾ ಮನೆ ಪೂರ್ತಿ ಓಡಾಡ್ತಾನೆ, ಮಾತಿಲ್ಲ, ಅದ್ರ ಕೆಳಗೆ ಚೆಲ್ಲೋದ (ವಯೊಲಿನ್ ಥರದ್ದೇ, ಆದ್ರೆ ದೊಡ್ಡ ವಾದ್ಯ) ಒಂದೇ ಒಂದು ಮಂದ್ರ ಸ್ವರ ತುಂಬಾ ನಿಧಾನಕ್ಕೆ ದಪ್ಪ ಆಗ್ತಾ ಹೋಗುತ್ತೆ. ಇದೆಲ್ಲ ನಂಗೆ ಆಮೇಲೆ ಗೊತ್ತಾಗಿದ್ದು, ಆಗ ಅವ್ನು ಆಡಿಯೋ ಫೈಲ್ ಮಾತ್ರ ಕಳ್ಸಿ "ಕೇಳಿ ಹೇಳು ಮಗಾ" ಅಂದಿದ್ದ. ನಾನು ಬಸ್ಸಲ್ಲಿ ನಿಂತ್ಕೊಂಡು ಫೋನಿನ ಸ್ಪೀಕರನ್ನೇ ಕಿವಿಗೊತ್ತಿ ಕೇಳ್ದೆ. "ಏನೂ ಇಲ್ವಲ್ಲೋ, ಖಾಲಿ ಹೊಡೀತಿದೆ, ಪಿಯಾನೋ ಹಾಕು, ವಯೊಲಿನ್ ಹಾಕು, ಜನಕ್ಕೆ ಅಳು ಬರೋ ಹಾಗಿರ್ಬೇಕು" ಅಂತ ದೊಡ್ಡ ಪಂಡಿತನ ಹಾಗೆ ವಾಯ್ಸ್ ಮೆಸೇಜ್ ಬಿಟ್ಟೆ. ಪಾಪ, ನಂಬಿ ಹಾಕ್ಬಿಟ್ಟ. ಸ್ಕ್ರೀನಿಂಗ್ ದಿನ ಮುದುಕ ಸ್ವಿಚ್ಚಿಗೆ ಇನ್ನೂ ಕೈ ಹಾಕಿಲ್ಲ, ಅಷ್ಟರಲ್ಲೇ ವಯೊಲಿನ್ ಗೋಳೋ ಅಂತ ಶುರುವಾಯ್ತು, ಹಿಂದಿನ ಸಾಲಲ್ಲಿ ಯಾರೋ ಕಿಸಕ್ ಅಂದ್ರು. ಈಗ್ಲೂ ಸಿಕ್ಕಿದ್ರೆ ಮಾತಾಡ್ತಾನೆ, ಆದ್ರೆ ಮಾಡಿದ್ದನ್ನ ನಂಗೆ ಕೇಳ್ಸಲ್ಲ.

ತಪ್ಪು ಎಲ್ಲಾಯ್ತು ಅಂತ ಬಿಡಿಸಿ ಹೇಳ್ಲೇಬೇಕು, ಯಾಕಂದ್ರೆ ನೀವೂ "ಫೋನಲ್ಲಿ ಕೇಳ್ದೆ" ಅಂತಾನೇ ಬರ್ದಿದ್ದೀರ. ಫೋನಿನ ಆ ಪುಟಾಣಿ ಸ್ಪೀಕರ್‌ಗೆ ಮಂದ್ರ ಸ್ವರ ನುಡಿಸೋ ತಾಕತ್ತೇ ಇಲ್ಲ. ಚೆಲ್ಲೋದ ಅತಿ ಕೆಳಗಿನ ತಂತಿ ಮೀಟಿದ್ರೆ ಸುಮಾರು 65 ಹರ್ಟ್ಸ್ ಬರುತ್ತೆ, ಬಹಳಷ್ಟು ಫೋನುಗಳು ಅಷ್ಟು ಕೆಳಗೆ ಇಳಿಯೋ ಎಷ್ಟೋ ಮೊದಲೇ ಕೈಚೆಲ್ಲುತ್ವೆ. ಮಾಮೂಲಿ ಹಾಡಾದ್ರೆ ನಡೆಯುತ್ತೆ, ಮೇಲಿನ ಹಾರ್ಮೋನಿಕ್ಸ್, ಅಂದ್ರೆ ಸ್ವರದ ಜೊತೆಗೇ ಹುಟ್ಟೋ ಮೇಲಿನ ಸಣ್ಣ ಸ್ವರಗಳು, ಕೇಳಿಸಿದ್ರೆ ಕೆಳಗಿನ ಸ್ವರವನ್ನ ಮೆದುಳೇ ಊಹೆ ಮಾಡಿ ತುಂಬ್ಕೊಳ್ಳುತ್ತೆ, ರಾಗ ಕೈತಪ್ಪಲ್ಲ. ಈ ಥರದ ಸಂಗೀತದಲ್ಲಿ ಹಾಗಲ್ಲ, ಕಮಾನಿನ ಒತ್ತು ಒಂಚೂರು ಜಾಸ್ತಿ ಆಗೋದು, ಹತ್ತಿರದ ಎರಡು ಸ್ವರ ಒಂದಕ್ಕೊಂದು ತಾಗಿ ನಿಧಾನಕ್ಕೆ ಅದುರೋಕೆ ಶುರುವಾಗೋದು, ಇಂಥವೇ ಅಲ್ಲಿ ನಡೆಯೋ ಘಟನೆಗಳು, ಅವು ನಡೆಯೋದು ಬಹುತೇಕ ಕೆಳಗಿನ ಪದರದಲ್ಲೇ. ಅದನ್ನೇ ಫೋನು ಕತ್ತರಿಸಿ ಬಿಸಾಕಿದ್ರೆ ಉಳಿಯೋದು ಏನು? ಸಾಲದ್ದಕ್ಕೆ ನಾನಿದ್ದಿದ್ದು ಬಸ್ಸಲ್ಲಿ, ಇಂಜಿನ್ ಸದ್ದು ಬಿದ್ದಿದ್ದು ಸರಿಯಾಗಿ ಅದೇ ಜಾಗದ ಮೇಲೆ. ಇದೆಲ್ಲಕ್ಕಿಂತ ದೊಡ್ಡ ದಡ್ಡತನ ಅಂದ್ರೆ ನಾನು ಚಿತ್ರನೇ ನೋಡಿರ್ಲಿಲ್ಲ. ಮುದುಕನಿಗೆ ಅಂತ ಬಿಟ್ಟಿದ್ದ ಜಾಗವನ್ನ ಖಾಲಿ ಅಂದ್ಕೊಂಡೆ.

ಈಗ ನಿಮ್ಮ ಚರ್ನೋಬಿಲ್‌ಗೆ ಬರೋಣ. ಇದಕ್ಕೆ ಸಂಗೀತ ಮಾಡಿದ ಹಿಲ್ಡುರ್ ಗುಡ್ನಾಡೋಟಿರ್ ಐಸ್‌ಲ್ಯಾಂಡಿನವ್ರು, ಮೂಲತಃ ಚೆಲ್ಲೋ ವಾದಕಿ, ಆದ್ರೆ 2019ರ ಈ ಸೀರೀಸ್‌ಗೆ ಚೆಲ್ಲೋ ಮುಟ್ಟೇ ಇಲ್ಲ. ಶೂಟಿಂಗ್‌ನ ಒಂದಿಷ್ಟು ಭಾಗ ನಡೆದಿದ್ದು ಲಿಥುವೇನಿಯಾದ ಇಗ್ನಾಲಿನಾ ಅಣು ಸ್ಥಾವರದಲ್ಲಿ, ಅದೂ ಚರ್ನೋಬಿಲ್ ಥರದ್ದೇ, ಆರ್‌ಬಿಎಂಕೆ ಅನ್ನೋ ಸೋವಿಯತ್ ವಿನ್ಯಾಸದ ರಿಯಾಕ್ಟರು, 2009ರಲ್ಲಿ ಮುಚ್ಚಿದ್ದು. ಫೀಲ್ಡ್ ರೆಕಾರ್ಡಿಸ್ಟ್, ಅಂದ್ರೆ ಜಾಗಕ್ಕೇ ಹೋಗಿ ಅಲ್ಲಿನ ಸದ್ದು ರೆಕಾರ್ಡ್ ಮಾಡೋ, ಕ್ರಿಸ್ ವಾಟ್ಸನ್ ಅವ್ರನ್ನ ಹಿಲ್ಡುರ್ ಕರ್ಕೊಂಡು ಅಲ್ಲಿಗೇ ಹೋಗಿ, ರಕ್ಷಣಾ ಸೂಟ್ ಹಾಕ್ಕೊಂಡು, ಪಂಪ್ ರೂಮು, ಬಾಗಿಲು, ರಿಯಾಕ್ಟರ್ ಹಾಲು ಎಲ್ಲದ್ರ ಸದ್ದು ಹಿಡ್ಕೊಂಡು ಬಂದ್ರು. ಆ ಹಾಲ್‌ಗಳಲ್ಲಿ ಸದ್ದು ಹೇಗೆ ಮಾರ್ದನಿಸುತ್ತೆ ಅನ್ನೋದನ್ನೂ ಅಳೆದು ತಂದ್ರು, ಹಾಗಾಗಿ ಸ್ಟುಡಿಯೋದಲ್ಲಿ ಹಾಡಿದ ದನಿಯನ್ನ ರಿಯಾಕ್ಟರ್ ಹಾಲ್ ಒಳಗೇ ಹಾಡಿದ ಹಾಗೆ ಮಾಡ್ಬಹುದು. ಸ್ಥಾವರದ ಸದ್ದು, ಮನುಷ್ಯರ ದನಿ, ಹೆಚ್ಚುಕಮ್ಮಿ ಇಷ್ಟ್ರಲ್ಲೇ ಇಡೀ ಸ್ಕೋರ್. ಎಮ್ಮಿ ಬಂತು, ಗ್ರ್ಯಾಮಿನೂ ಬಂತು.

ಯಾಕೆ ಇಷ್ಟೊಂದು ಒದ್ದಾಟ ಅಂದ್ರೆ, ವಿಕಿರಣಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕ್ಯಾಮೆರಾ ಏನಂತ ತೋರ್ಸುತ್ತೆ? ಮೊದಲನೇ ಎಪಿಸೋಡಲ್ಲಿ ಊರಿನ ಜನ ರೈಲ್ವೆ ಸೇತುವೆ ಮೇಲೆ ಬಂದು ಬೆಂಕಿ ನೋಡ್ತಾ ನಿಲ್ಲೋ ಸೀನ್ ಮತ್ತೆ ಹಾಕಿ ನೋಡಿ. ಮೇಲಿಂದ ಬೂದಿ ಉದುರ್ತಿದೆ, ಮಕ್ಕಳು ಅದ್ರ ಕೆಳಗೇ ಆಡ್ತಿದಾವೆ, ದೊಡ್ಡೋರು ಚೆನ್ನಾಗಿದೆ ಅಂತ ಬಾಯ್ಬಿಟ್ಕೊಂಡು ನೋಡ್ತಿದಾರೆ. ಒಂದ್ಸಲ ಮ್ಯೂಟ್ ಮಾಡಿ ನೋಡಿ, ಹಬ್ಬದ ದಿನದ ವಿಡಿಯೋ ಅಂದ್ರೂ ನಂಬ್ಬಹುದು. ಸೌಂಡ್ ಹಾಕಿದ ತಕ್ಷಣ ಆ ದನಿ ಬರುತ್ತೆ ನೋಡಿ, ಹಾಡೋ ಅಳುವೋ ಹೇಳೋಕಾಗಲ್ಲ, ಸೇತುವೆ ಮೇಲಿರೋ ಯಾರಿಗೂ ಗೊತ್ತಿಲ್ಲದ್ದು ಅದಕ್ಕೆ ಗೊತ್ತಿದೆ. ಅಲ್ಲಿ ನೀವು ಬೇಕು ಅಂತಿರೋ ಟ್ಯೂನ್ ಹಾಕಿದ್ರೆ ನಾವು ಟ್ಯೂನಿನ ಹಿಂದೆ ಹೋಗ್ತಿದ್ವಿ, ಮಕ್ಕಳನ್ನ ನೋಡೋದು ಬಿಟ್ಟು.

"ಇದು ನಮ್ಮ ತಂಬೂರಿ ಶ್ರುತಿ ಇದ್ದ ಹಾಗೆ ಅಂದ್ಕೊಂಡು ಕೇಳಿ" ಅಂತ ಕೆಲವರು ಸಲಹೆ ಕೊಡ್ತಾರೆ. ನಂಗೆ ಒಪ್ಪಿಗೆ ಇಲ್ಲ. ತಂಬೂರಿ ಶುರುವಾದ್ರೆ ಗಾಯಕರು ಬರ್ತಾರೆ ಅನ್ನೋ ಭರವಸೆ ಇರುತ್ತೆ, ಇಲ್ಲಿ ಯಾರೂ ಬರಲ್ಲ. ಬರ್ಬಹುದು ಅಂತ ಕಾಯ್ತಾ ಕೂತ್ರೆ ಬೋರ್ ಆಗೋದು ಗ್ಯಾರಂಟಿ, ನಿಮಗೆ ಆಗ್ತಿರೋದೂ ಅದೇ ಅನ್ಸುತ್ತೆ. ಹಾಗೇನೇ ಈ ಸ್ಟಡಿ ಮ್ಯೂಸಿಕ್, ಸ್ಲೀಪ್ ಮ್ಯೂಸಿಕ್ ಪ್ಲೇಲಿಸ್ಟುಗಳಲ್ಲಿ ಇದನ್ನ ತುರುಕೋರ ಮೇಲೂ ನಂಗೆ ಸಿಟ್ಟಿದೆ, ಜನ ಸಾಯೋ ಕಥೆಗೆ ಮಾಡಿದ ಸಂಗೀತ ಹಾಕ್ಕೊಂಡು ಎಕ್ಸೆಲ್ ಶೀಟ್ ತುಂಬೋದು ಎಂಥದ್ದು ಮಾರಾಯ್ರೆ.

ಚರ್ನೋಬಿಲ್ ಒಗ್ಗಲಿಲ್ಲ ಅಂದ್ರೆ ಮೊದ್ಲು ಜೋಕರ್ ನೋಡಿ, ಅದೂ 2019ರದ್ದೇ, ಹಿಲ್ಡುರ್‌ಗೆ ಆಸ್ಕರ್ ತಂದ್ಕೊಟ್ಟಿದ್ದು ಅದೇ. ಅಲ್ಲಿ ಚೆಲ್ಲೋ ಇದೆ, ಹಿಡ್ಕೊಳ್ಳೋಕೆ ಒಂದು ರಾಗನೂ ಇದೆ. ಸ್ಕ್ರಿಪ್ಟ್ ಓದಿ, ಶೂಟಿಂಗ್‌ಗೂ ಮುಂಚೆನೇ ಕೆಲವು ತುಣುಕು ಮಾಡಿ ಕೊಟ್ಟಿದ್ರು. ಆ ಬಾತ್‌ರೂಮ್ ಡ್ಯಾನ್ಸ್ ಇದ್ಯಲ್ಲ, ಅದು ಸ್ಕ್ರಿಪ್ಟಲ್ಲೇ ಇರ್ಲಿಲ್ಲ, ನಿರ್ದೇಶಕ ಟಾಡ್ ಫಿಲಿಪ್ಸ್ ಸೆಟ್ಟಲ್ಲಿ ಆ ಚೆಲ್ಲೋ ತುಣುಕು ಹಾಕಿದ್ರು, ಜೋಕರ್ ಪಾತ್ರದ ವಾಕೀನ್ ಫೀನಿಕ್ಸ್ ಅದಕ್ಕೆ ಕುಣಿಯೋಕೆ ಶುರು ಮಾಡಿದ್ರು. ಕಾಲು ಮೊದ್ಲು ಅಲ್ಲಾಡುತ್ತೆ, ಆಮೇಲೆ ಕೈ, ಪ್ರತಿ ಚಲನೆನೂ ಕಮಾನಿನ ಎಳೆತದ ಜೊತೆಗೇ ಹೋಗುತ್ತೆ, ಗಮನಿಸಿ. ಹಿನ್ನೆಲೆ ಸಂಗೀತ ಅನ್ನೋದು ಹಿಂದೆ ನಿಂತಿರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಈ ಸೀನ್ ತೋರ್ಸಿ. ಇನ್ನೊಂದು, ಸಿನಿಮಾದ ಶುರುವಲ್ಲಿ ಒಂಟಿ ಚೆಲ್ಲೋ ಕೇಳಿಸ್ತಿರುತ್ತೆ, ಕಥೆ ಮುಂದೆ ಹೋದ ಹಾಗೆ ಹಿಂದಿರೋ ಆರ್ಕೆಸ್ಟ್ರಾ ಜೋರಾಗ್ತಾ ಅದನ್ನ ನುಂಗುತ್ತೆ. ಬಿಡಿ ಬಿಡಿ ಟ್ರ್ಯಾಕ್ ಶಫಲ್ ಹಾಕಿ ಕೇಳಿದ್ರೆ ಇದು ಸಿಗಲ್ಲ.

ಇಷ್ಟಾದ ಮೇಲೂ ಹಿಡಿಸ್ಲಿಲ್ಲ ಅಂದ್ರೆ ಬಿಟ್ಬಿಡಿ, ಹಿಡಿಸಿದ ಹಾಗೆ ನಟಿಸ್ಬೇಡಿ. ಜೋಕರ್ ಆಲ್ಬಮ್ಮನ್ನ ಚಿತ್ರ ಇಲ್ದೆ ಪೂರ್ತಿ ಕೂತು ಕೇಳೋಕೆ ನಂಗೂ ಆಗಲ್ಲ.

ಹೆಡ್‌ಫೋನು ದುಬಾರಿದು ಬೇಡ. ಕಿವಿ ಪೂರ್ತಿ ಮುಚ್ಚೋ ಥರದ್ದು ಸಾಧಾರಣವಾಗಿದ್ರೂ ಸಾಕು, ಬಾಸ್ ಬೂಸ್ಟ್ ಇದ್ರೆ ಆಫ್ ಮಾಡಿ, ಇಲ್ಲಾಂದ್ರೆ ಕೆಳಗಿನದೆಲ್ಲ ಕಲಸಿಹೋಗುತ್ತೆ. ವಾಲ್ಯೂಮನ್ನ ಸೀರೀಸ್‌ನಲ್ಲಿ ಮಾತು ಸರಿಯಾಗಿ ಕೇಳೋ ಅಷ್ಟಕ್ಕೆ ಇಟ್ಟು ಮತ್ತೆ ಮುಟ್ಟಬೇಡಿ, ಸಂಗೀತ ಮೆಲ್ಲಗಿದೆ ಅಂತ ಏರ್ಸೋಕೂ ಹೋಗ್ಬೇಡಿ, ಅಷ್ಟೇ ಕೇಳ್ಬೇಕು ಅಂತಾನೇ ಮಿಕ್ಸ್ ಮಾಡಿರೋದು.