ಎರಡು ದೂರುಗಳನ್ನು ಒಂದೇ ಅರ್ಜಿಯಲ್ಲಿ ಬರೆಯಬೇಡಿ

ಪ್ರಿಯ ಲೇಖಕರೇ,

‘ತೆಂಕಣದ ದರ್ಬಾರು, ಬಡಗಣದ ಗೋಳು’ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಹಾಗೆಂದು ಬದಿಗಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಪತ್ರ. ನಿಮ್ಮ ವಾದ ಇಷ್ಟು: ಕೇರಳವೆಂದರೆ ದಕ್ಷಿಣದ ಹಳೆಯ ಸಂಸ್ಥಾನ ತಿರುವಿತಾಂಕೂರು, ಉತ್ತರದ ಮಲಬಾರು ಅದರ ಬಾಲ, ಬಾಲದ ತುದಿಯಲ್ಲಿ ಕಾಸರಗೋಡು, ಅಲ್ಲಿ ಉಳಿದ ಕನ್ನಡಿಗ ಯಾರ ಲೆಕ್ಕಕ್ಕೂ ಇಲ್ಲ. ವಾದದಲ್ಲಿ ಹುರುಳಿದೆ. ನೀವು ಕೊಟ್ಟ ಆಧಾರಗಳಲ್ಲಿ ಹೆಚ್ಚಿನವು ಮಾತ್ರ ನಿಲ್ಲುವುದಿಲ್ಲ.

ಮೊದಲು ಇತಿಹಾಸದ ಪ್ಯಾರಾ. ‘ಮಲಬಾರಿನ ಭಾಗವಾಗಿದ್ದ ಕಾಸರಗೋಡು’ ಎಂದು ಬರೆದಿದ್ದೀರಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮಲಬಾರು ಬೇರೆಯೇ ಜಿಲ್ಲೆ. ಎರಡೂ ಮದ್ರಾಸಿನ ಕೈಕೆಳಗಿದ್ದವು, ಅಷ್ಟೇ ಸಂಬಂಧ. ‘ಅಂದಿನಿಂದ ರಾಜಧಾನಿ ನಮಗೆ ದೂರವಾಯಿತು’ ಎಂಬುದೂ ತಪ್ಪು. ಮದ್ರಾಸು ತಿರುವನಂತಪುರಕ್ಕಿಂತ ಹತ್ತಿರವೇನೂ ಇರಲಿಲ್ಲ. ದೂರವಾದದ್ದು ಕಲೆಕ್ಟರ್ ಕಚೇರಿ. ಮಂಜೇಶ್ವರದವನಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಮಂಗಳೂರಿನಲ್ಲಿದ್ದ ಜಿಲ್ಲಾ ಕಚೇರಿ ನೂರು ದಾಟಿ ಕಣ್ಣೂರಿಗೆ ಹೋಯಿತು, 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಗುವವರೆಗೂ ಅಲ್ಲೇ ಇತ್ತು. ಇದನ್ನು ಬರೆಯಿರಿ, ಓದುಗನಿಗೆ ತಕ್ಷಣ ತಟ್ಟುತ್ತದೆ.

ತೆಂಕಣದವರು ಮುಂದೆ ಹೋದದ್ದಕ್ಕೆ ‘ರಾಜರ ಕೃಪೆ’ ಎಂಬ ಎರಡೇ ಪದ ಸಾಲದು. 1817ರಲ್ಲಿ ತಿರುವಿತಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ ಶಿಕ್ಷಣದ ಖರ್ಚು ಸರ್ಕಾರದ್ದೆಂದು ನಿರೂಪ ಹೊರಡಿಸಿದರು. ಅಲ್ಲಿನ 1865ರ ಪಟ್ಟಂ ಘೋಷಣೆ ಸರ್ಕಾರಿ ಜಮೀನಿನ ಒಕ್ಕಲಿಗೆ ಒಡೆತನ ಕೊಟ್ಟಿತು. ಅದೇ ಕಾಲಕ್ಕೆ ಮಲಬಾರಿನಲ್ಲಿ ಬ್ರಿಟಿಷರು ಜನ್ಮಿಯನ್ನೇ, ಅಂದರೆ ಜಮೀನ್ದಾರನನ್ನೇ, ಪೂರ್ಣ ಒಡೆಯನೆಂದು ಒಪ್ಪಿದ್ದರು. ನಮ್ಮ ದಕ್ಷಿಣ ಕನ್ನಡದಲ್ಲಿ ಈ ಎರಡೂ ಅಲ್ಲ, ಕಾಯಂ ಆದ ಮೂಲಗೇಣಿ, ಕಾಯಂ ಅಲ್ಲದ ಚಾಲಗೇಣಿ. ಒಡೆತನ ಸಿಕ್ಕವನು ಮಗನನ್ನು ಶಾಲೆಗೆ ಕಳಿಸಿದ, ವರ್ಷವರ್ಷ ಎಬ್ಬಿಸಬಹುದಾದ ಚಾಲಗೇಣಿಯವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅಂತರ 1956ಕ್ಕಿಂತ ಎಷ್ಟೋ ಹಳೆಯದು. ಇನ್ನು, 1970ರ ಜನವರಿ 1ರಿಂದ ಇಲ್ಲಿನ ಗೇಣಿದಾರರಿಗೆ ಭೂಮಿ ಕೊಡಿಸಿದ್ದು ಕೇರಳದ ಕಾನೂನು. ಗಡಿಯ ತಲಪಾಡಿಯ ಆಚೆ, ಕರ್ನಾಟಕದವರು 1974ರ ತಿದ್ದುಪಡಿಗೆ ಕಾಯಬೇಕಾಯಿತು. ನಿಮ್ಮ ವಾದಕ್ಕೆ ಅನುಕೂಲವಲ್ಲದ ಸಂಗತಿ ಇದು, ಆದರೂ ಸೇರಿಸಿ. ಬಿಟ್ಟರೆ ಅದನ್ನು ಬಲ್ಲ ಓದುಗ ಉಳಿದದ್ದನ್ನೂ ನಂಬುವುದಿಲ್ಲ.

ಲೇಖನದ ದೊಡ್ಡ ದೋಷ ಬೇರೆ. ಎರಡು ದೂರುಗಳನ್ನು ಒಂದೇ ಅರ್ಜಿಯಲ್ಲಿ ಬರೆದಿದ್ದೀರಿ. ಒಂದು ಪ್ರದೇಶದ ದೂರು: ಆಸ್ಪತ್ರೆ, ರೈಲು, ಪ್ಲಸ್ ಟು (ಪಿಯುಸಿ) ಸೀಟು, ಶಿಕ್ಷೆಯೆಂದು ಇಲ್ಲಿಗೆ ವರ್ಗವಾಗಿ ಬಂದು ಮರುದಿನವೇ ರಜೆ ಹಾಕುವ ಅಧಿಕಾರಿ. ಜಿಲ್ಲೆಯ ದಕ್ಷಿಣ ತುದಿಯ ತೃಕ್ಕರಿಪುರದ ಮಲಯಾಳಿಗೂ ಇದೇ ದೂರಿದೆ. ಇನ್ನೊಂದು ಭಾಷೆಯದು: ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದ ಅಧ್ಯಾಪಕ, ಮಲಯಾಳದಲ್ಲಷ್ಟೇ ಸಿಗುವ ಅರ್ಜಿ ನಮೂನೆ. ಇದರಲ್ಲಿ ತೃಕ್ಕರಿಪುರದವರಿಗೆ ಪಾಲಿಲ್ಲ. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಹೆಚ್ಚಿನಂಶ ಆದೇಶ ಸಾಕು. ಬೆರೆಸಿದರೆ ಅಧಿಕಾರಿಗೆ ಹಬ್ಬ: ಅಧ್ಯಾಪಕರ ವಿಷಯ ಕೇಳಿದರೆ ಅಭಿವೃದ್ಧಿ ಪ್ಯಾಕೇಜ್ ತೋರಿಸುತ್ತಾನೆ, ಆಸ್ಪತ್ರೆ ಕೇಳಿದರೆ ‘ಇದು ಭಾಷಾ ರಾಜಕೀಯ’ ಎನ್ನುತ್ತಾನೆ.

‘ವಿಧಾನಸಭೆಯಲ್ಲಿ ನಮಗೆ ಐದೇ ಸ್ಥಾನ’ ಎಂಬ ಕೊರಗನ್ನು ಹೊಡೆದುಹಾಕಿದ್ದೇನೆ. 2011ರ ಜನಗಣತಿಯಂತೆ ಕಾಸರಗೋಡಿನಲ್ಲಿ ಸುಮಾರು 13.07 ಲಕ್ಷ ಜನ, ತೆಂಕಣದ ಪತ್ತನಂತಿಟ್ಟದಲ್ಲಿ 11.97 ಲಕ್ಷ. ಅಲ್ಲಿಯೂ ಐದೇ. ಹಳೆಯ ಮಲಬಾರಿನ ಜಿಲ್ಲೆಗಳ ಜೊತೆ ಕಾಸರಗೋಡು ಸೇರಿಸಿದರೆ ಆರು ಜಿಲ್ಲೆಗೆ 140ರಲ್ಲಿ 60 ಸ್ಥಾನಗಳಿವೆ. ಕನ್ನಡಿಗರ ಮತಕ್ಕೆ ತೂಕವಿರುವುದು ಮುಖ್ಯವಾಗಿ ಮಂಜೇಶ್ವರ, ಕಾಸರಗೋಡು ಎರಡರಲ್ಲಿ. ಅದು ಎರಡನೆಯ ದೂರಿಗೆ ಸೇರಿದ ಮಾತು.

ಆಸ್ಪತ್ರೆಯ ಭಾಗವನ್ನು ಹಿಗ್ಗಿಸಿ. ‘ಉತ್ತರಕ್ಕೆ ಒಂದೂ ಸರ್ಕಾರಿ ವೈದ್ಯಕೀಯ ಕಾಲೇಜು ಕೊಡಲಿಲ್ಲ’ ಎಂಬ ವಾಕ್ಯ ಸುಳ್ಳು, ಕೋಝಿಕ್ಕೋಡಿನದು 1957ರಷ್ಟು ಹಳೆಯದು. ನಿಮ್ಮ ಕೈಯಲ್ಲಿರುವ ಗಟ್ಟಿ ಸಂಗತಿ ಉಕ್ಕಿನಡ್ಕದ ಕಾಸರಗೋಡು ಸರ್ಕಾರಿ ವೈದ್ಯಕೀಯ ಕಾಲೇಜು. ಶಿಲಾನ್ಯಾಸ 2013ರ ನವೆಂಬರ್ 30. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಮಣ್ಣು ಸುರಿದು ದಾರಿ ಮುಚ್ಚಿದಾಗಲೂ ಅಲ್ಲಿ ಆಸ್ಪತ್ರೆ ಇರಲಿಲ್ಲ. ಆ ಏಪ್ರಿಲ್‌ನಲ್ಲಿ ಕಟ್ಟಡವನ್ನು ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಮಂಗಳೂರಿಗೆ ತಲುಪಲಾಗದೆ ಜನ ಸತ್ತದ್ದಕ್ಕೆ ನೀವು ತಿರುವನಂತಪುರವನ್ನು ಮಾತ್ರ ಬೈದಿದ್ದೀರಿ. ದಾರಿ ಮುಚ್ಚಿದ್ದು ಕರ್ನಾಟಕ. ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿದ್ದು ಕೇರಳದ ಹೈಕೋರ್ಟು. ದಾರಿ ಮುಚ್ಚಿದ್ದು ಒಂದು ಕಾರಣ, ಮುಚ್ಚಿದರೆ ಸಾಯುವ ಸ್ಥಿತಿಯಲ್ಲಿ ಜಿಲ್ಲೆಯನ್ನು ಇಟ್ಟದ್ದು ಇನ್ನೊಂದು. ಎರಡನ್ನೂ ಬರೆಯುವ ಧೈರ್ಯ ಮಾಡಿ. ಕನ್ನಡ ಪತ್ರಿಕೆಯಲ್ಲಿ ಮೊದಲನೆಯದನ್ನು ನುಂಗಿಕೊಳ್ಳುವವರೇ ಹೆಚ್ಚು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ‘ದಕ್ಷಿಣದವರು ನಮ್ಮ ಮೇಲೆ ವಿಷ ಸುರಿದರು’ ಎಂದರೆ ಯಾರೂ ಹೊಣೆಗಾರರಾಗುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು ಪ್ಲಾಂಟೇಶನ್ ಕಾರ್ಪೊರೇಶನ್ ಎಂಬ ಸರ್ಕಾರಿ ಕಂಪನಿ, ತನ್ನ ಗೇರು ತೋಟಗಳಿಗೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ ₹5 ಲಕ್ಷ ಕೊಡಲು ಹೇಳಿತು. 2022ರ ಮೇ ತಿಂಗಳಲ್ಲಿ ನೋಡಿದರೆ ಹಣ ತಲುಪಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದ ಎಂಟು ಮಂದಿಗೆ. ಎಣ್ಮಕಜೆಯ ಕನ್ನಡಿಗನೂ ರಾಜಪುರದ ಮಲಯಾಳಿಯೂ ಒಂದೇ ಸಾಲಿನಲ್ಲಿ ಕಾದರು.

ರೈಲಿನ ವಿಷಯ ಎರಡು ಸಾಲು ಸಾಕು. ಹೊಸ ರೈಲು ಕಣ್ಣೂರು ದಾಟುವುದಿಲ್ಲ ಎಂಬುದನ್ನು ತೆಗೆಯಿರಿ, 2023ರ ಏಪ್ರಿಲ್ 25ರಿಂದ ವಂದೇ ಭಾರತ್ ಕಾಸರಗೋಡಿಗೆ ಬರುತ್ತಿದೆ. ಜನಶತಾಬ್ದಿ, ಎಕ್ಸಿಕ್ಯೂಟಿವ್ ಕಣ್ಣೂರಲ್ಲೇ ನಿಲ್ಲುತ್ತವೆ ಎಂದು ಬರೆಯಿರಿ. ರೈಲ್ವೆ ಕೇಂದ್ರದ್ದು ಎಂಬುದನ್ನೂ ಮರೆಯಬೇಡಿ.

ಪ್ಲಸ್ ಟು ಲೆಕ್ಕವನ್ನು ಮತ್ತೆ ಮಾಡಬೇಕು. ಅರ್ಜಿಗಳ ಸಂಖ್ಯೆಯಿಂದ ಸೀಟು ಕಳೆದು ಕೊರತೆ ಎಂದಿದ್ದೀರಿ. ಒಬ್ಬನೇ ವಿದ್ಯಾರ್ಥಿ ಎರಡು ಜಿಲ್ಲೆಗಳಲ್ಲಿ ಅರ್ಜಿ ಹಾಕಿರುತ್ತಾನೆ. ಹಾಗಾಗಿ ಎಸ್ಸೆಸ್ಸೆಲ್ಸಿ ಪಾಸಾದವರ ಸಂಖ್ಯೆ ಒಂದು ಕಾಲಂನಲ್ಲಿರಲಿ. ಸೀಟುಗಳಲ್ಲಿ ಕಾಯಂ ಬ್ಯಾಚಿನವು ಬೇರೆ, ತಾತ್ಕಾಲಿಕ ಬ್ಯಾಚಿನವು ಬೇರೆ, 50ರ ತರಗತಿಗೆ 65 ಮಂದಿಯನ್ನು ತುರುಕಿ ಹುಟ್ಟಿಸಿದವು ಬೇರೆ. ಸರ್ಕಾರದ ಪಟ್ಟಿಯಲ್ಲಿ ಐಟಿಐ, ಪಾಲಿಟೆಕ್ನಿಕ್ ಕೂಡ ಸೇರಿದ್ದರೆ ಅದನ್ನು ಬಿಡಿಸಿ ತೋರಿಸಿ, ಕೊರತೆ ಮಾಯವಾಗುವುದು ಅಲ್ಲೇ. 2024ರ ಜುಲೈಯಲ್ಲಿ ಸರ್ಕಾರವೇ 138 ತಾತ್ಕಾಲಿಕ ಬ್ಯಾಚ್ ಕೊಟ್ಟಿತು, ಮಲಪ್ಪುರಕ್ಕೆ 120, ಕಾಸರಗೋಡಿಗೆ 18. ಕೊರತೆ ಇತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ 18ರಲ್ಲಿ ಕನ್ನಡ ಎರಡನೇ ಭಾಷೆಯಾಗಿ ಎಷ್ಟರಲ್ಲಿತ್ತು? ಅದನ್ನು ಕಂಡುಹಿಡಿದರೆ ಅದೇ ಒಂದು ಸ್ವತಂತ್ರ ಲೇಖನ.

ಅಧ್ಯಾಪಕರ ನೇಮಕದ ಕುರಿತು ‘ಎಲ್ಲ ಶಾಲೆಗಳಲ್ಲೂ’ ಎಂದು ಬರೆಯಬೇಡಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಿಗೆ ಬೇರೆಬೇರೆಯಾಗಿ ಹಾಕಿ, ಒಟ್ಟಿಗೆ ಕೇಳಿದರೆ ‘ಕ್ರೋಡೀಕರಿಸಿದ ಮಾಹಿತಿ ಇಲ್ಲ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ‘ಯಾಕೆ ನೇಮಿಸಿದಿರಿ’ ಎಂಬ ಪ್ರಶ್ನೆ ಬೇಡ. ಮಂಜೂರಾದ ಕನ್ನಡ ಮಾಧ್ಯಮ ಹುದ್ದೆ, ಭರ್ತಿಯಾದದ್ದು, ಖಾಲಿ, ಪ್ರತಿಯೊಬ್ಬರ ಕನ್ನಡ ಅರ್ಹತೆಗೆ ಒಪ್ಪಿಕೊಂಡ ಪ್ರಮಾಣಪತ್ರ ಯಾವುದು ಎಂದಷ್ಟೇ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ. ಅರ್ಜಿ ಕನ್ನಡದಲ್ಲೇ ಇರಲಿ. ಇಲ್ಲಿನ ಕನ್ನಡಿಗರು ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಅವಕಾಶವಿದೆ. ಉತ್ತರ ಮಲಯಾಳದಲ್ಲಿ ಬಂದರೆ ಲಕೋಟೆ ಸಮೇತ ಇಟ್ಟುಕೊಳ್ಳಿ.

ತೆಂಕಣದವನೂ ಹಾವೂ ಎದುರಾದರೆ ಯಾರಿಗೆ ಮೊದಲು ಹೊಡೆಯಬೇಕೆಂಬ ಆ ಮಲಬಾರಿ ಜೋಕು ಬೇಡ. ಉಕ್ಕಿನಡ್ಕದ ಕಡತವನ್ನು ಜೋಕು ಮುಂದೆ ತಳ್ಳುವುದಿಲ್ಲ. ‘ಮಲತಾಯಿ ಧೋರಣೆ’ ಏಳು ಕಡೆ ಇದೆ, ಏಳನ್ನೂ ತೆಗೆದಿದ್ದೇನೆ.

ನಿಮ್ಮ ಒಳ್ಳೆಯ ಪ್ಯಾರಾ ಹದಿನಾಲ್ಕನೆಯದು: ರಾಜ್ಯದ ಯಾತ್ರೆಗಳು ಕಾಸರಗೋಡಿನಿಂದ ಹೊರಡುತ್ತವೆ, ಹೊರಟಮೇಲೆ ಹಿಂದಿರುಗಿ ನೋಡುವುದಿಲ್ಲ ಎಂಬುದು. ಅದಕ್ಕೆ ಉದಾಹರಣೆ ಕೊಡಿ. 2023ರ ನವೆಂಬರ್ 18ರಂದು ಮುಖ್ಯಮಂತ್ರಿ, ಸಚಿವರು ರಾಜ್ಯ ಸುತ್ತಿದ ನವಕೇರಳ ಸದಸ್ಸು ಶುರುವಾದದ್ದು ಮಂಜೇಶ್ವರ ಕ್ಷೇತ್ರದ ಪೈವಳಿಕೆಯಲ್ಲಿ. ಅಲ್ಲಿ ಜನ ಕೊಟ್ಟ ಅರ್ಜಿಗಳು ಏನಾದವು ಎಂದು ನಾಲ್ಕಾರು ಮನೆಗೆ ಹೋಗಿ ಕೇಳಿ. ಲೇಖನ ಅಲ್ಲಿಂದ ಆರಂಭವಾಗಲಿ.

ಎರಡು ದೂರುಗಳಲ್ಲಿ ಒಂದನ್ನು ಆರಿಸಿಕೊಂಡು 1,200 ಪದಗಳೊಳಗೆ ಕಳಿಸಿ. ಪ್ರತಿ ಅಂಕಿಯ ಎದುರು ಎಲ್ಲಿಂದ ಸಿಕ್ಕಿತೆಂದು ಪೆನ್ಸಿಲಿನಲ್ಲಿ ಗುರುತು ಹಾಕಿರಲಿ, ಅಚ್ಚಿಗೆ ಬೇಡ, ನಮಗೆ ಬೇಕು. ಇನ್ನೊಂದು ದೂರಿನ ಲೇಖನವನ್ನು ಮಾಹಿತಿ ಹಕ್ಕಿನ ಉತ್ತರ ಕೈಸೇರಿದ ಮೇಲೆ ಬರೆಯಿರಿ.

— ಸಂಪಾದಕ