ಒಂದೂವರೆ ಲಕ್ಷ ಖರ್ಚು ಮಾಡಿ ಮಾಡಿಫೈ ಮಾಡಿಸಿದ ಬುಲೆಟ್ ಮಾರಿದರೆ ಹಣ ಹಿಂದಿರುಗುತ್ತದೆಯೇ?

ನಿಮ್ಮ 2017ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬುಲೆಟ್ ಗಾಡಿಯನ್ನು ತಗ್ಗಿದ ಹ್ಯಾಂಡಲ್, ಒಂಟಿ ಸೀಟಿನ ಕೆಫೆ ರೇಸರ್ ಮಾದರಿಗೆ ಬದಲಿಸಲು ಗ್ಯಾರೇಜಿನವರು ಒಂದೂವರೆ ಲಕ್ಷ ರೂಪಾಯಿ ಕೇಳಿದ್ದಾರೆ, ನಾಲ್ಕು ವರ್ಷ ಓಡಿಸಿ ಮಾರಿದರೆ ಇದರಲ್ಲಿ ಎಷ್ಟು ಕೈಗೆ ಬರುತ್ತದೆ ಎಂದು ಕೇಳಿದ್ದೀರಿ. ಆ ಹಣ ಹೋಯಿತು ಎಂದೇ ಲೆಕ್ಕ ಹಾಕಿ ನಿರ್ಧರಿಸಿ. ಏನನ್ನೂ ಮುಟ್ಟದ ಅದೇ ವರ್ಷದ ಗಾಡಿಗೆ ಸಿಗುವ ಬೆಲೆಯೂ ನಿಮ್ಮದಕ್ಕೆ ಸಿಗದೆ ಹೋಗುವ ಸಾಧ್ಯತೆ ಹೆಚ್ಚು. 2014ರ ಕ್ಲಾಸಿಕ್ 350 ಒಂದನ್ನು ಹೀಗೆಯೇ ಬದಲಿಸಿ ಐದು ವರ್ಷ ಪ್ರೀತಿಯಿಂದ ಓಡಿಸಿ ಮಾರಿದ ಅನುಭವದಿಂದ ಇದನ್ನು ಹೇಳುತ್ತಿದ್ದೇನೆ.

ಮೊದಲು ಖರ್ಚಿನ ವಿಷಯ. ಗ್ಯಾರೇಜಿನವರು ಆರಂಭದಲ್ಲಿ ಹೇಳುವ ಮೊತ್ತಕ್ಕೆ ಕೆಲಸ ಮುಗಿಯುವುದು ಅಪರೂಪ. ಅದು ಅವರ ಮೋಸವೇ ಆಗಿರಬೇಕೆಂದಿಲ್ಲ, ಗಾಡಿಯಲ್ಲಿ ಒಂದನ್ನು ಬದಲಿಸಿದರೆ ಅದಕ್ಕೆ ಹೊಂದಿಕೊಂಡಿರುವ ಇನ್ನೆರಡನ್ನು ಬದಲಿಸಲೇಬೇಕಾಗುತ್ತದೆ. ನಾನು ಕೇಳಿದ್ದು ಹಿಂದೆ ಅಗಲವಾದ ಟೈರು, ಅಷ್ಟೇ. ಕಂಪನಿಯಿಂದ ಬಂದದ್ದು 110 ಮಿ.ಮೀ. ಅಗಲದ್ದು, ನಾನು ಹಾಕಿಸಿದ್ದು 150 ಮಿ.ಮೀ. ಅಗಲದ್ದು. ಚೈನು ಟೈರಿಗೆ ಉಜ್ಜತೊಡಗಿದ್ದರಿಂದ ಚೈನು ಕೂರುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟನ್ನು ಹೊರಕ್ಕೆ ಸರಿಸಲು ಲೇತ್ ಕೆಲಸ ಬೇಕಾಯಿತು, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮನ್ನು ಕೊಯ್ದು ಅಗಲಿಸಿ ವೆಲ್ಡಿಂಗ್ ಮಾಡಬೇಕಾಯಿತು, ಹಳೆಯ ಮಡ್‌ಗಾರ್ಡ್ ಕೂರದೆ ಹೊಸದನ್ನು ತಗಡಿನಲ್ಲಿ ತಟ್ಟಿಸಬೇಕಾಯಿತು. ಮುಂದೆ 19 ಇಂಚಿನ ಚಕ್ರದ ಬದಲು 17 ಇಂಚಿನ ಅಲಾಯ್ ಹಾಕಿ 120/70 ಅಳತೆಯ ಟೈರು ತೊಡಿಸಿದೆವು. ಆ ಗಾಡಿಯ ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದಿಂದಲೇ ಬರುವುದರಿಂದ, ಸುತ್ತಳತೆ ಚಿಕ್ಕದಾದ ಟೈರು ನೂರು ಕಿಲೋಮೀಟರ್ ಓಡಿದರೆ ಮೀಟರು ಸುಮಾರು ನೂರೇಳು ತೋರಿಸುತ್ತಿತ್ತು. ಗಾಡಿ ನಿಜಕ್ಕಿಂತ ಹೆಚ್ಚು ಓಡಿದಂತೆ ಕಾಣುತ್ತಿದ್ದರಿಂದ ಮಾರುವಾಗ ಇದೂ ನನಗೆ ಮುಳುವಾಯಿತು. ಕೊನೆಗೆ ಒಟ್ಟು 1,62,000 ರೂಪಾಯಿ ಆಯಿತು. ಮೊದಲು ಹೇಳಿದ್ದು 1,10,000. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ವೆಲ್ಡಿಂಗ್, ಲೇತ್, ಟಿಂಕರಿಂಗ್, ಪೇಂಟಿನ ಕೂಲಿಗೆ. ಬಿಡಿಭಾಗವನ್ನಾದರೂ ಬಿಚ್ಚಿ ಮಾರಬಹುದು, ಕೂಲಿಯನ್ನು ಬಿಚ್ಚಿ ಮಾರಲು ಬರುವುದಿಲ್ಲ.

2021ರಲ್ಲಿ ಮಾರಲು ಹೊರಟಾಗ ನಮ್ಮ ಕಡೆ 2014ರದೇ, ಕಂಪನಿ ಸ್ಥಿತಿಯಲ್ಲಿದ್ದ ಗಾಡಿಗೆ 90,000 ರೂಪಾಯಿಯವರೆಗೆ ಕೊಡುತ್ತಿದ್ದರು. ಸೆಕೆಂಡ್ ಹ್ಯಾಂಡ್ ವ್ಯಾಪಾರಿಯೊಬ್ಬರು ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದು 55,000 ಎಂದರು. ನನಗೆ ಸಿಟ್ಟು ಬಂದಿತ್ತು, ಆದರೆ ಅವರ ಲೆಕ್ಕ ನೇರವಾಗಿತ್ತು: ಹಳೆಯ ಟ್ಯಾಂಕು, ಚಕ್ರ, ಸ್ವಿಂಗ್ ಆರ್ಮ್, ಮಡ್‌ಗಾರ್ಡ್, ಇಬ್ಬರು ಕೂರುವ ಸೀಟು ಹುಡುಕಿ ತಂದು ಮತ್ತೆ ಪೇಂಟ್ ಮಾಡಿಸಲು ತಗಲುವ 35,000 ರೂಪಾಯಿಯನ್ನು ಅವರು ಬೆಲೆಯಿಂದ ಕಳೆದಿದ್ದರು. ಹೆಂಡತಿಯನ್ನೋ ಮಗುವನ್ನೋ ಹಿಂದೆ ಕೂರಿಸಿಕೊಂಡು ಹೋಗಲಾಗದ ಒಂಟಿ ಸೀಟಿನ ಗಾಡಿಯನ್ನು ಕೊಳ್ಳುವವರು ನೂರರಲ್ಲಿ ಒಬ್ಬರಿಲ್ಲ, ಇದ್ದರೂ ಅವರಿಗೆ ನನ್ನ ಬಣ್ಣ, ನನ್ನ ಹ್ಯಾಂಡಲ್ ಎರಡೂ ಇಷ್ಟವಾಗಬೇಕು. ಏಳು ತಿಂಗಳು ಕಾದ ಮೇಲೆ ದಾವಣಗೆರೆ ಕಡೆಯ ಹುಡುಗನೊಬ್ಬ 68,000ಕ್ಕೆ ಕೊಂಡ.

ಬೆಲೆ ಬೀಳಲು ಕಾನೂನೂ ಕಾರಣ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ್ದಕ್ಕಿಂತ ಆರ್‌ಸಿಯ ವಿವರಗಳು ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆರ್‌ಸಿಯಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆಗಳಲ್ಲದೆ ಬಣ್ಣ, ಆಸನಗಳ ಸಂಖ್ಯೆ, ಚಕ್ರಗಳ ನಡುವಿನ ಅಂತರವೂ ಇರುತ್ತದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ ನಿಯಮಬಾಹಿರವಾದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ಗಾಡಿಗೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ ತಪಾಸಣೆಗೆ ಒಯ್ಯಲೇಬೇಕು. ತಿಳಿದ ಕೊಳ್ಳುಗ ಆ ದಿನವನ್ನೂ ಎಣಿಸಿಯೇ ಬೆಲೆ ಹೇಳುತ್ತಾನೆ.

ಹಳೆಯ ಗಾಡಿಗಳಿಗೆ ಲಕ್ಷಗಟ್ಟಲೆ ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿಗಳನ್ನು ನೋಡಿ. ಅವುಗಳಿಗೆ ಒಳ್ಳೆಯ ಬೆಲೆ ಬರುವುದು ಮಾಡಿಫೈ ಮಾಡಿದ್ದಕ್ಕಲ್ಲ, ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೆಯೇ ಉಳಿಸಿಕೊಂಡದ್ದಕ್ಕೆ ಅಥವಾ ಹಾಗೆಯೇ ಮರಳಿ ಕಟ್ಟಿದ್ದಕ್ಕೆ. ಬಣ್ಣ ಮಾಸಿದ್ದರೂ ಪರವಾಗಿಲ್ಲ, ಒರಿಜಿನಲ್ ಪೇಂಟ್ ಇರಬೇಕು ಎಂದು ಹುಡುಕುವವರು ವೇಗಕ್ಕಾಗಿ ಎಂಜಿನ್ ಬ್ಲಾಕಿನ ರಂಧ್ರಗಳನ್ನು ಕೊರೆದು ಹಿಗ್ಗಿಸುವ ಬ್ಲಾಕ್ ಪೋರ್ಟಿಂಗ್ ಮಾಡಿಸಿದ ಆರ್‌ಎಕ್ಸನ್ನು ಮುಟ್ಟುವುದೂ ಇಲ್ಲ.

ಇಷ್ಟಾದರೂ ಮಾಡಿಸಬೇಕೆಂಬ ಆಸೆ ನಿಮಗಿದ್ದರೆ ನಾನು ಬೇಡ ಎನ್ನುವುದಿಲ್ಲ. ಆ ಐದು ವರ್ಷದ ಒಂದು ಬೆಳಗ್ಗೆಯೂ ನನಗೆ ವ್ಯರ್ಥ ಅನ್ನಿಸಿಲ್ಲ. ಆದರೆ ಚಾಸಿ ಮತ್ತು ಸ್ವಿಂಗ್ ಆರ್ಮಿಗೆ ಗರಗಸ ಹಾಕಲು ಬಿಡಬೇಡಿ, ಬೋಲ್ಟ್ ಬಿಚ್ಚಿ ಮರಳಿಸಬಹುದಾದ ಸೀಟು, ಹ್ಯಾಂಡಲ್, ಕನ್ನಡಿ, ಶಾಕ್ ಅಬ್ಸಾರ್ಬರುಗಳಿಗೆ ಮಾತ್ರ ಕೈ ಹಾಕಿ. ಟ್ಯಾಂಕಿಗೆ ಬೇರೆ ಬಣ್ಣ ಬೇಕಿದ್ದರೆ ಇರುವುದನ್ನು ಉಜ್ಜಿಸದೆ ಇನ್ನೊಂದು ಟ್ಯಾಂಕು ಕೊಳ್ಳಿ, ಗಾಡಿಯ ಬಣ್ಣ ಬದಲಾದದ್ದನ್ನು ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಿ. ತೆಗೆದ ಪ್ರತಿಯೊಂದು ಭಾಗವನ್ನೂ ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿ ಮನೆಯಲ್ಲೇ ಇಟ್ಟುಕೊಳ್ಳಿ. ನಾನು ನನ್ನವನ್ನು ಗ್ಯಾರೇಜಿನಲ್ಲೇ ಬಿಟ್ಟುಬಂದಿದ್ದೆ, ಕೇಳಲು ಹೋಗುವಷ್ಟರಲ್ಲಿ ಎಲ್ಲವೂ ಗುಜರಿಗೆ ಹೋಗಿದ್ದವು. ಮಾರುವ ತಿಂಗಳು ಬಂದಾಗ ಗಾಡಿಯನ್ನು ಮೊದಲಿನಂತೆ ಜೋಡಿಸಿ ಗಾಡಿಯ ಬೆಲೆಗೇ ಮಾರಿ, ಬಿಚ್ಚಿದ ಹೊಸ ಭಾಗಗಳನ್ನು ಅವುಗಳನ್ನೇ ಹುಡುಕುತ್ತಿರುವವರಿಗೆ ಬೇರೆಯಾಗಿ ಕೊಡಿ.